ಒರಿಜಿನಲ್ ನಾಗವಲ್ಲಿ

ರೊಕ್ಕ ಕೊಟ್ಟು ದೆವ್ವ ತಂದವನು ನಮ್ಮೂರು ಮಸೂತಿಯಲ್ಲಿ ನಾನೊಬ್ಬನೇ ಇರಬೇಕು. ಊರಿನ ಉಳಿದವರಿಗೆಲ್ಲ ಅದು ಹಾಳುಬಾವಿಯ ಹತ್ತಿರ ಪುಕ್ಕಟೆ ಸಿಗುತ್ತದೆ. ನಾನು 8,500 ರೂಪಾಯಿ ಎಣಿಸಿ, ವಿಜಯಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಮಾಲು ಏನೆಂದರೆ, ‘ಆಪ್ತಮಿತ್ರ’ ಸಿನಿಮಾದ ದೆವ್ವ ನಾಗವಲ್ಲಿಯ ಪಟ. “ಶೂಟಿಂಗಿನಾಗ ಬಳಸಿದ ಒರಿಜಿನಲ್ ರೀ ಸರ. ಸಂಗ್ರಹಕಾರರಿಗಷ್ಟ ಕೊಡೂದು” ಎಂದ ಮಾರುವವ. ಸಂಗ್ರಹಕಾರ ಎಂಬ ಮಾತಿಗೇ ನಾನು ಅರ್ಧ ಬಿದ್ದೆ. ಅಲ್ಲಿಯವರೆಗೆ ನಾನು ಸಂಗ್ರಹಿಸಿದ್ದು ಗೊಬ್ಬರದ ಖಾಲಿ ಚೀಲ, ಸಾಲದ ನೋಟೀಸು. ಆ ಸಿನಿಮಾದ ನಾಯಕಿ ಸೌಂದರ್ಯ 2004ರ ಏಪ್ರಿಲ್ 17ರಂದು, ಸಿನಿಮಾ ತೆರೆಗೆ ಬರುವ ಮೊದಲೇ ವಿಮಾನ ದುರಂತದಲ್ಲಿ ಹೋದರು. ನಾಯಕ ವಿಷ್ಣುವರ್ಧನ್ ಹೋದದ್ದು 2009ರ ಡಿಸೆಂಬರ್ 30ರಂದು, ಅದರ ಮುಂದಿನ ಭಾಗ ‘ಆಪ್ತರಕ್ಷಕ’ದ ಬಿಡುಗಡೆಗೆ ಮುಂಚೆ. ಆ ಇಬ್ಬರ ಸಾವನ್ನೂ ಪಟಕ್ಕೆ ಜೋತುಹಾಕಿ ಅವನು ರೇಟು ಏರಿಸಿದ. ಮಾನ ಇದ್ದವನು ಅಲ್ಲೇ ಎದ್ದು ಬರುತ್ತಿದ್ದ. ನಾನು ಚೌಕಾಶಿಗೆ ಕೂತೆ.

ಪಟ ಬಿಚ್ಚಿದಾಗ ನನ್ನಾಕೆ ಬೆಚ್ಚಿ ಬೀಳುತ್ತಾಳೆ ಎಂದುಕೊಂಡಿದ್ದೆ. ಅವಳು ಶೇಂಗಾ ಸುಲಿಯುವುದನ್ನೂ ನಿಲ್ಲಿಸಲಿಲ್ಲ.

“ಇದು ಎದಕ್ಕ ಬೇಕಾಗಿತ್ರಿ?”

ನಾನು ಅಮೆರಿಕದ ಕಥೆ ತೆಗೆದೆ. 1978ರ ‘ಹ್ಯಾಲೋವೀನ್’ ಸಿನಿಮಾದವರ ಬಳಿ ದುಡ್ಡಿರಲಿಲ್ಲ. ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನ ಮುಖವಾಡವನ್ನು ಎರಡು ಡಾಲರಿನ ಆಸುಪಾಸಿಗೆ ತಂದು, ಬಿಳಿ ಬಣ್ಣ ಬಳಿದು, ಕಣ್ಣಿನ ತೂತು ದೊಡ್ಡದು ಮಾಡಿ ಕೊಲೆಗಡುಕನಿಗೆ ಹಾಕಿದರು. ಇವತ್ತು ಅಂಥ ಸಾಮಾನಿಗೆ ಜನ ಹರಾಜಿನಲ್ಲಿ ಮುಗಿಬೀಳುತ್ತಾರೆ.

“ಅವರು ಎರಡ ಡಾಲರಿಗೆ ತಂದ್ರು. ನೀವ ಎಷ್ಟಕ್ಕ ತಂದ್ರಿ?”

ನನಗೆ ಕೆಮ್ಮು ಬಂತು. ಅಷ್ಟರಲ್ಲಿ ಅವಳು ಕನ್ನಡಕ ಏರಿಸಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. “ಬಣ್ಣದಾಗ ಬರದಿದ್ದಿದ್ರ ಕುಂಚದ ಗೆರಿ ಕಾಣಬೇಕಲ್ರಿ? ಈಕಿ ಮಾರಿ ತುಂಬ ಚುಕ್ಕಿ ಅದಾವ.” ನೋಡಿದೆ. ಮೂಗುತಿಯ ಕೆಂಪು ಹರಳು ನೀಲಿ, ಹಳದಿ, ಗುಲಾಬಿ ಚುಕ್ಕಿಗಳ ಸಂತೆಯಾಗಿತ್ತು. ನಮ್ಮೂರ ಜಾತ್ರೆಯ ಫ್ಲೆಕ್ಸಿನಲ್ಲಿ ಪುಢಾರಿಗಳ ಕೆನ್ನೆ ಹೀಗೇ ಇರುತ್ತದೆ.

ಪೆಟ್ಟು ಅಲ್ಲಿಗೆ ಮುಗಿಯಲಿಲ್ಲ. “ಅಲ್ರಿ, ಮೂಲ ಕಥಿ ಮಲಯಾಳದ್ದಲ್ಲ? 1993ರ ‘ಮಣಿಚಿತ್ರತ್ತಾಳ್’. ಅದನ್ನ ಪಿ. ವಾಸು 2004ರಾಗ ಕನ್ನಡಕ್ಕ ತಂದ್ರು. ಮರುವರ್ಷ ತಮಿಳಿನಾಗ ‘ಚಂದ್ರಮುಖಿ’ ಮಾಡಿದ್ರು. 2007ಕ್ಕ ಹಿಂದಿಯೊಳಗ ‘ಭೂಲ್ ಭುಲಯ್ಯಾ’ ಬಂತು. ನಕಲಿನಾಗ ಒರಿಜಿನಲ್ ಹುಡುಕ್ಕೊಂತ ಹೊಂಟೀರೇನು?” ಟಿವಿ ಮುಂದೆ ನಿದ್ದೆ ಮಾಡುತ್ತಾಳೆ ಎಂದು ನಾನು ತಿಳಿದಿದ್ದ ಹೆಂಗಸು ಇವಳು.

ಆದರೂ ಗೋಡೆಗೆ ಮೊಳೆ ಹೊಡೆದೆ. ಆ ರಾತ್ರಿ ಕರೆಂಟು ಹೋಯಿತು. ನೀರು ಕುಡಿಯಲು ಎದ್ದು ಪಡಸಾಲೆಗೆ ಬಂದೆ. ನಾಗವಲ್ಲಿಯ ಎಡಗಣ್ಣು ಕೆಂಪಗೆ ಹೊತ್ತಿತು, ಆರಿತು. ಮತ್ತೆ ಹೊತ್ತಿತು. ‘ಆಪ್ತರಕ್ಷಕ’ದಲ್ಲಿ ಈ ಪಟ ಹೊಕ್ಕ ಮನೆಗೆ ಏನಾಗುತ್ತದೆ ಎಂಬುದು ಒಂದೊಂದೇ ಸೀನಾಗಿ ನೆನಪಾಯಿತು. ತಂಬಿಗೆ ಎಲ್ಲಿ ಬಿತ್ತೋ, ನಾನು ಎಲ್ಲಿ ಬಿದ್ದೆನೋ.

“ತಮ್ಮಾ, ಏನಾತೋ?” ಪಟದ ಕೆಳಗೇ ಮಲಗಿದ್ದ ಅವ್ವ ಕೇಳಿದಳು.

“ಕಣ್ಣು... ಆಕಿ ಕಣ್ಣು...”

“ಕೂಡಗಿ ಚಿಮಣಿ ದೀಪ ಅದು. ಕಿಡಕಿ ಹಾಕು.”

ಹೌದು. ಕೂಡಗಿಯ 2,400 ಮೆಗಾವ್ಯಾಟಿನ ವಿದ್ಯುತ್ ಸ್ಥಾವರದ ಚಿಮಣಿ ಮೇಲೆ ವಿಮಾನಗಳಿಗೆಂದು ಮಿಣುಕುವ ಕೆಂಪು ದೀಪ ಕಿಟಕಿಯಿಂದ ಬಂದು ಪಟದ ಗಾಜಿನಲ್ಲಿ ಸರಿಯಾಗಿ ಕಣ್ಣಿನ ಜಾಗಕ್ಕೆ ಕೂತಿತ್ತು.

ಬೆಳಿಗ್ಗೆ ನೋಡಿದರೆ ಗಾಜಿನ ಮೇಲೆ ಕುಂಕುಮ, ಕೆಳಗೆ ಊದಿನಕಡ್ಡಿ. ಕಣ್ಣು ಮಂಜಾದ ಅವ್ವನಿಗೆ ಆ ಒಡವೆ, ಆ ದೊಡ್ಡ ಬೊಟ್ಟು ಕಂಡು ಎಲ್ಲಮ್ಮನೆಂದೇ ಖಾತ್ರಿ. “ಚಪ್ಪಲಿ ಹೊರಗ ಬಿಡೋ, ತಾಯಿ ಅದಾಳ” ಎಂದಳು. ತಿದ್ದಲು ಬಾಯಿ ತೆರೆದೆ. ನನ್ನಾಕೆ ಕಣ್ಣಲ್ಲೇ ಗದರಿಸಿದಳು. ಈಗ ಶುಕ್ರವಾರಕ್ಕೊಮ್ಮೆ ಓಣಿಯ ಹೆಂಗಸರು ಬರುತ್ತಾರೆ. ಹೋದ ವಾರ ಉಡಿ ತುಂಬಿದರು. ತೆಂಗಿನಕಾಯಿ, ಎಲೆ-ಅಡಿಕೆಯ ಖರ್ಚು ಸಂಗ್ರಹಕಾರನದು.

ನಿನ್ನೆ ಅದೇ ಮಾರುವವನ ಫೋನು. “ಸರ, ‘ಚಂದ್ರಮುಖಿ’ ಸಿನಿಮಾದ ಗೆಜ್ಜಿ ಬಂದಾವ. ಒರಿಜಿನಲ್.”

ಅಡುಗೆಮನೆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ಎಷ್ಟು?” ಎಂದೆ.

“ಯಾರ್ದರಿ ಫೋನು?” ಒಳಗಿನಿಂದ ಕೂಗು ಬಂತು.

“ಏನಿಲ್ಲ, ಉಳ್ಳಾಗಡ್ಡಿ ರೇಟ್ ಕೇಳಾಕತ್ತೀನಿ.”