ರ‍್ಯಾಮ್ ಕಾಕಾ

ಜಡ್ಡಿಗೆ ಬಿದ್ದವರ ಮನೆಗೆ ಡಾಕ್ಟರಿಗಿಂತ ಮೊದಲು ಬಂದು ಕೂರುವ ಬೀಗರಿರುತ್ತಾರಲ್ಲ, ಕೆಟ್ಟ ಕಂಪ್ಯೂಟರಿನ ಪಾಲಿಗೆ ರ‍್ಯಾಮ್ ಕಾಕಾ ಅಂಥವರು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿನ ಯಾವ ಊರಲ್ಲಿ ಇಳಿದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ನಮ್ಮ ಕೆರೂರಿನಲ್ಲಂತೂ ಹುಡುಕುವ ಕೆಲಸವೇ ಇಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಡೆಸ್ಕ್‌ಟಾಪ್ ಚಾಲೂ ಆಗಲಿಲ್ಲವೆಂದರೆ ಸಾಕು, ಚಾದಂಗಡಿಯ ಬೆಂಚಿನ ಮೇಲೆ ಒಬ್ಬರು ಕೂರುವಷ್ಟು ಜಾಗ ಖಾಲಿಯಾಗುತ್ತದೆ.

ಕಾಕಾ ಕಂಪ್ಯೂಟರ್ ಕಲಿತದ್ದು ಡಾಸ್, ವರ್ಡ್‌ಸ್ಟಾರ್, ಲೋಟಸ್ ಕಾಲದಲ್ಲಿ. ಸರ್ಟಿಫಿಕೇಟು ಇಂದಿಗೂ ದೇವರ ಫೋಟೋಗಳ ಸಾಲಿನಲ್ಲಿದೆ. ಆಮೇಲೆ ಕಂಪ್ಯೂಟರು ಎಷ್ಟೋ ಜನ್ಮ ಎತ್ತಿತು, ಕಾಕಾ ಎತ್ತಲಿಲ್ಲ. 2000ದ ಹೊತ್ತಿಗೆ ಭೂಮಿ ಯೋಜನೆ ಬಂದು, ಹೊಲದ ಕೈಬರಹದ ಉತಾರ ಹೋಗಿ ಕಂಪ್ಯೂಟರ್ ಉತಾರ ಬಂದದ್ದೇ ತಡ, ಅವರ ಕಿಮ್ಮತ್ತು ಏರಿತು. ಮೊದಲೆಲ್ಲ ಕಂಪ್ಯೂಟರ್ ಕೆಟ್ಟರೆ ಅಂಗಡಿಯವರಿಗಷ್ಟೇ ಚಿಂತೆ. ಈಗ ಉತಾರ, ಜಾತಿ-ಆದಾಯ, ಬೆಳೆವಿಮೆ, ಮಗಳ ಕಾಲೇಜಿನ ಅರ್ಜಿ ಎಲ್ಲವೂ ಒಮ್ಮೆಲೇ ನಿಲ್ಲುತ್ತವೆ. ಮಂದಿ ತಾನಾಗಿ ಕೂಡುತ್ತದೆ. ಕಾಕಾಗೆ ಬೇಕಾದದ್ದೂ ಅಷ್ಟೇ.

“ಏನಾಗೇತಿ ತಂಗೀ?”

“ಬಟನ್ ಒತ್ತಿದ್ರ ಏನೂ ಆಗವಲ್ದ್ರಿ ಕಾಕಾರ. ಫ್ಯಾನೂ ತಿರಗವಲ್ದು.”

“ರ‍್ಯಾಮ್.”

ಕುರ್ಚಿಗೆ ಕೂರುವ ಮೊದಲೇ ರೋಗ ಗೊತ್ತಾಗಿರುತ್ತದೆ. ಅಂಗಿಯ ಕಿಸೆಯಿಂದ ಮೊಮ್ಮಗಳ ಅರ್ಧ ರಬ್ಬರು ಹೊರಬರುತ್ತದೆ. ಪೆಟ್ಟಿಗೆಯ ಬಾಗಿಲು ಕಳಚಿದರೆ ಒಳಗೆ ಧೂಳಿನ ಗಾದಿ, ಹತ್ತಿಯ ಎಳೆ, ಒಣಗಿ ಕಡ್ಡಿಯಾದ ಒಂದು ಹಲ್ಲಿ. “ಇದು ಬ್ಯಾರೆ ಪ್ರಾಬ್ಲೆಮ್ಮು” ಎಂದು ಹಲ್ಲಿಯನ್ನು ಬದಿಗಿಟ್ಟು, ರ‍್ಯಾಮ್ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು, ಅದರ ಬಂಗಾರದ ಬಣ್ಣದ ಅಂಚನ್ನು ತಿಕ್ಕುತ್ತಾರೆ. ಊದುತ್ತಾರೆ. ಟ್ಯೂಬ್‌ಲೈಟಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಮತ್ತೆ ತಿಕ್ಕುತ್ತಾರೆ. ಉತಾರಕ್ಕೆ ಬಂದ ಹಿರಿಯರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಉಸಿರು ಬಿಗಿಹಿಡಿಯುತ್ತಾರೆ.

ರಬ್ಬರಿನ ಚಿಕಿತ್ಸೆ ಸುಳ್ಳಲ್ಲ. ಫ್ಯಾನು ತಿರುಗಿ, ದೀಪ ಹತ್ತಿ, ಪರದೆ ಮಾತ್ರ ಕಪ್ಪಗೇ ಉಳಿದು, ಪೆಟ್ಟಿಗೆ ಪೀಂ ಪೀಂ ಎಂದು ಕೂಗಿದರೆ ರ‍್ಯಾಮಿನ ಮೇಲೆ ಸಂಶಯಪಡಲಿಕ್ಕೆ ಅರ್ಥವಿದೆ. ಫ್ಯಾನೇ ತಿರುಗದಿದ್ದರೆ ವಿಚಾರಣೆ ಗೋಡೆಯಿಂದ ಶುರುವಾಗಬೇಕು: ಸಾಕೆಟ್ಟು, ಎಕ್ಸ್‌ಟೆನ್ಶನ್ ಬೋರ್ಡು, ಯುಪಿಎಸ್ಸು, ಕೇಬಲ್ಲು, ಪೆಟ್ಟಿಗೆಯ ಬೆನ್ನಿಗಿರುವ ಸಣ್ಣ ಸ್ವಿಚ್ಚು, ಆಮೇಲೆ ಪೆಟ್ಟಿಗೆಯೊಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್. ಇದು ಕಾಕಾಗೆ ತಿಳಿಯದ್ದೇನಲ್ಲ. ಆದರೆ ಗೋಡೆಯ ಸ್ವಿಚ್ ಹಾಕಿ ದುರಸ್ತಿ ಮಾಡಿದವರಿಗೆ ಯಾರು ಚಾ ಕುಡಿಸುತ್ತಾರೆ?

ರಬ್ಬರು ಸೋತರೆ ಶೆಲ್ಲಿನ ಸರದಿ. ಮದರ್‌ಬೋರ್ಡಿನ ಮೇಲಿರುವ, ರೂಪಾಯಿ ನಾಣ್ಯದಂಥ 3 ವೋಲ್ಟಿನ ಬಿಲ್ಲೆಯನ್ನು ಉಗುರಿನಿಂದ ಎಬ್ಬಿಸಿ, ನಾಲಿಗೆಯ ತುದಿಗೆ ತಾಗಿಸಿ, “ಸಪ್ಪಗ ಐತಿ” ಎಂದು ತೀರ್ಪು ಕೊಡುತ್ತಾರೆ. ಆ ಬಿಲ್ಲೆ ಸತ್ತರೆ ಸಾಮಾನ್ಯವಾಗಿ ಕಂಪ್ಯೂಟರು ತಾರೀಕು ಮರೆಯುತ್ತದೆ, ಅಷ್ಟೇ. ಅದೂ ಫಲಿಸದಿದ್ದರೆ ಕೊನೆಯ ಅಸ್ತ್ರ, “ವೈರಸ್ ಹೊಕ್ಕೇತಿ.” ಕರೆಂಟೇ ಇಲ್ಲದ ಪೆಟ್ಟಿಗೆಯನ್ನೂ ಹೊಗುವಷ್ಟು ಗಟ್ಟಿ, ಕಾಕಾನ ವೈರಸ್ಸು.

ಇತ್ತ ಅಂಗಡಿಯ ತಂಗಿ ಮಾತಿಲ್ಲದೆ ತನ್ನ ಕೆಲಸ ನಡೆಸಿರುತ್ತಾಳೆ. ಸಾಕೆಟ್ಟಿಗೆ ಟೆಸ್ಟರ್ ಇಟ್ಟಳು, ಹತ್ತಿತು. ಪೆಟ್ಟಿಗೆಯ ಕೇಬಲ್ಲನ್ನು ಮಾನಿಟರಿಗೆ ಚುಚ್ಚಿದಳು, ಮಾನಿಟರಿನ ದೀಪ ಹತ್ತಿತು. ಅಲ್ಲಿಗೆ ಕೇಬಲ್ಲು ನಿರಪರಾಧಿ. ಕಾಕಾ ಕಲಿತ ಕಾಲದ ಪೆಟ್ಟಿಗೆಗಳಲ್ಲಿ ಮುಂದಿನ ಸ್ವಿಚ್ಚೇ ನೇರ ಕರೆಂಟು ಹಾಯಿಸುತ್ತಿತ್ತು. 1995ರಲ್ಲಿ ಇಂಟೆಲ್‌ನವರು ಎಟಿಎಕ್ಸ್ ಎಂಬ ಹೊಸ ವಿನ್ಯಾಸ ತಂದಮೇಲೆ ಬಟನ್ನಿನ ಅಧಿಕಾರ ಹೋಯಿತು: ಅದು ಮದರ್‌ಬೋರ್ಡಿಗೆ ಹೇಳಬೇಕು, ಮದರ್‌ಬೋರ್ಡು ಹಸಿರು ವೈರಿನ ಮೂಲಕ ಎಸ್‌ಎಂಪಿಎಸ್‌ಗೆ ಅಪ್ಪಣೆ ಕೊಡಬೇಕು. ತಂಗಿ ಕರೆಂಟು ತೆಗೆದು, ಮದರ್‌ಬೋರ್ಡಿನ ದೊಡ್ಡ ಪ್ಲಗ್ ಕಿತ್ತಳು. ಆ ಹಸಿರು ವೈರಿಗೂ ಪಕ್ಕದ ಕರಿ ವೈರಿಗೂ ಕಾಗದದ ಕ್ಲಿಪ್ಪಿನಿಂದ ಗಂಟು ಹಾಕಿ ಮತ್ತೆ ಕರೆಂಟು ಕೊಟ್ಟಳು. ಎಸ್‌ಎಂಪಿಎಸ್ ಫ್ಯಾನು ಮಿಸುಕಲಿಲ್ಲ.

“ಎಸ್‌ಎಂಪಿಎಸ್ ಹೋಗೇತ್ರಿ ಕಾಕಾರ. ಬಾಗಲಕೋಟಿಗೆ ಫೋನ್ ಹಚ್ಚೀನಿ, ಸಂಜೀ ಬಸ್ಸಿಗೆ ಹಾಕಿ ಕಳಸ್ತಾರ.”

ಕಾಕಾ ಗಳಿಗೆಯೂ ತಡವರಿಸಲಿಲ್ಲ. “ನಾ ಅಂದದ್ದೂ ಅದ ಅಲ್ಲೇನು? ರ‍್ಯಾಮಿಗೆ ಕರೆಂಟ್ ಬರವಲ್ದು.”

ನಗಬಹುದು. ಆದರೆ ಇಷ್ಟು ಹೊತ್ತು ಒಬ್ಬ ಗಿರಾಕಿಯೂ ಎದ್ದು ಹೋಗಿಲ್ಲ, ಒಬ್ಬರೂ ತಂಗಿಯ ಮೇಲೆ ಹರಿಹಾಯ್ದಿಲ್ಲ. ಬಸ್ ತಪ್ಪಿಸಿಕೊಂಡವರೂ ಕಾಕಾನ ಮುಂದೆ ಕೂತಿದ್ದಾರೆ. ಪೆಟ್ಟಿಗೆ ರಿಪೇರಿ ತಂಗಿಯದು, ಮಂದಿಯ ರಿಪೇರಿ ಕಾಕಾನದು. ಅದಕ್ಕೇ ಅವಳು ತಾನೇ ಚಾ ತರಿಸುತ್ತಾಳೆ. ಬಾಗಿಲು ಮುಚ್ಚಿದಮೇಲೆ ಮೇಜಿನ ಮೇಲೆ ಎರಡು ಸ್ಕ್ರೂ ಉಳಿದರೂ ಏನೂ ಅನ್ನುವುದಿಲ್ಲ. “ಕಂಪನಿಯವ್ರು ಜಾಸ್ತೀನ ಹಾಕಿರ್ತಾರ” ಎಂದು ಕಾಕಾ ಅವನ್ನು ಕಿಸೆಗಿಳಿಸುತ್ತಾರೆ.

ಆಗ ಉತಾರದ ಹಿರಿಯರು ಮೆಲ್ಲಗೆ ಹತ್ತಿರ ಬಂದರು. “ಕಾಕಾರ, ಹೊಲದಾಗ ನಮ್ಮ ಬೋರಿನ ಮೋಟಾರ ಮುಂಜಾನಿಂದ ಎತ್ತವಲ್ದು. ಒಂದೀಟು ನೋಡ್ತೀರೇನ್ರಿ?”

ಕಾಕಾ ಎದ್ದು ಧೋತರ ಕೊಡವಿದರು. ಯಾವ ಕಂಪನಿ ಎಂದು ಕೇಳಿದರು, ಎಷ್ಟು ಎಚ್‌ಪಿ ಎಂದು ಕೇಳಿದರು, ವೈಂಡಿಂಗ್ ಯಾರ ಕೈಯಾಗ ಮಾಡಿಸೀರಿ ಎಂದೂ ಕೇಳಿದರು. ಹೊಲದಾಗ ಕರೆಂಟ್ ಐತೇನು ಎಂದು ಮಾತ್ರ ಕೇಳದೆ, ಹಿರಿಯರ ಬೈಕಿನ ಹಿಂದೆ ಹತ್ತಿ ಕೂತರು.