ಆರಂಭಶೂರರ ವಿಜಯದಶಮಿ

ನಮ್ಮ ಪಂಚಾಂಗದಲ್ಲಿ ಶುರುಮಾಡುವವನಿಗೆ ಇರುವ ಮರ್ಯಾದೆ ಮುಂದುವರಿಸುವವನಿಗೆ ಇಲ್ಲ. ಅಕ್ಷರಾಭ್ಯಾಸಕ್ಕೆ ಮುಹೂರ್ತ ಉಂಟು, ಅಂಗಡಿ ತೆರೆಯುವುದಕ್ಕೆ ಉಂಟು, ಗುದ್ದಲಿಪೂಜೆಗಂತೂ ಶಾಸಕರೇ ಬರುತ್ತಾರೆ. ಹಿಡಿದ ಕೆಲಸವನ್ನು ಹದಿನೇಳನೆಯ ದಿನವೂ ಬಿಡದೆ ಮಾಡಿದವನ ಕೊರಳಿಗೊಂದು ಹಾರ ಹಾಕುವ ಹಬ್ಬ ಮಾತ್ರ ಯಾವ ಋಷಿಗೂ ಹೊಳೆಯಲಿಲ್ಲ. ಆದ್ದರಿಂದ ಆಶ್ವಯುಜ ಹುಟ್ಟಿ, ಶರದೃತು ಕಾಲಿಟ್ಟು, ಮೂರೂವರೆ ಮುಹೂರ್ತಗಳಲ್ಲಿ ಒಂದೆನಿಸಿದ ವಿಜಯದಶಮಿ ಹತ್ತಿರ ಬಂದರೆ ಸಾಕು, ನಾಡಿನ ಸದ್ಗೃಹಸ್ಥರೆಲ್ಲ ಏಕಕಾಲಕ್ಕೆ ಸುಧಾರಿಸಲು ಹೊರಡುತ್ತಾರೆ. ವಾರ, ತಿಂಗಳು, ವರ್ಷ ಹೊಸದಾಗಿ ಶುರುವಾಗುವಾಗ ಮನುಷ್ಯರಿಗೆ ತಿದ್ದಿಕೊಳ್ಳುವ ಹುಕಿ ಏರುತ್ತದೆ ಎಂದು ಅಮೆರಿಕದ ಮೂವರು ಸಂಶೋಧಕರು 2014ರಲ್ಲಿ ಪ್ರಬಂಧ ಬರೆದರು. ನಮ್ಮ ಪುರೋಹಿತರು ಅದೇ ತತ್ವದ ಮೇಲೆ ತಲೆಮಾರುಗಳಿಂದ ಸಂಸಾರ ನಡೆಸಿಕೊಂಡು ಬಂದಿದ್ದಾರೆ.

ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಬನ್ನಿಮರದ ಮೇಲೆ ಕಟ್ಟಿಟ್ಟು, ವರ್ಷ ತುಂಬಿದ ಮೇಲೆ ಇಳಿಸಿದರಂತೆ. ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ರಾಯರ ಓಟದ ಬೂಟುಗಳೂ ಅಟ್ಟದ ಮೇಲೆ ಅಷ್ಟೇ ಕಾಲ ಅಜ್ಞಾತವಾಸ ಮಾಡಿ ದಶಮಿಯ ಬೆಳಿಗ್ಗೆ ಕೆಳಗಿಳಿಯುತ್ತವೆ. ಗಾಂಡೀವ ಇಳಿಸಿದ ಅರ್ಜುನ ಆಮೇಲೆ ಅದನ್ನು ಬಳಸಿದ ಎಂಬುದಷ್ಟೇ ವ್ಯತ್ಯಾಸ. ಹಿಂದೆ ಅರಸರು ಈ ದಿನ ಸೀಮೋಲ್ಲಂಘನ ಮಾಡಿ ದಂಡಯಾತ್ರೆಗೆ ಹೊರಡುತ್ತಿದ್ದರು. ರಾಯರು ಅಪಾರ್ಟ್‌ಮೆಂಟಿನ ಗೇಟು ದಾಟಿ, ಸೆಕ್ಯೂರಿಟಿಯವನ ಸೆಲ್ಯೂಟು ಸ್ವೀಕರಿಸಿ, ಮೂಲೆಯ ದರ್ಶಿನಿಯವರೆಗೆ ದಂಡೆತ್ತಿ ಹೋಗಿ, ಒಂದು ಖಾರಾಬಾತ್ ಗೆದ್ದುಕೊಂಡು ಆಟೋದಲ್ಲಿ ಹಿಂದಿರುಗುತ್ತಾರೆ.

ಅದರ ಹಿಂದಿನ ದಿನ ಆಯುಧಪೂಜೆ. ವರ್ಷವಿಡೀ ಒಗೆದ ಬಟ್ಟೆಗಳನ್ನು ಹೊತ್ತು ನಿಂತ ಟ್ರೆಡ್‌ಮಿಲ್‌ಗೆ ಅಂದು ಬಿಡುಗಡೆ. ಬಟ್ಟೆ ಸರಿಸಿ, ಧೂಳು ಒರೆಸಿ, ಅರಿಶಿನ ಕುಂಕುಮವಿಟ್ಟು, ಬಾಳೆಕಂದು ಕಟ್ಟಿ, ಬೂದುಗುಂಬಳ ನಿವಾಳಿಸುತ್ತಾರೆ. ಕಾರಿಗಾದರೆ ಚಕ್ರದಡಿ ನಿಂಬೆಹಣ್ಣು ಇಡಬಹುದು, ಟ್ರೆಡ್‌ಮಿಲ್‌ಗೆ ಎಲ್ಲಿಡುವುದು? ರಾಯರು ಪಟ್ಟಿಯ ಮೇಲೆಯೇ ಇಟ್ಟು ಸ್ವಿಚ್ಚು ಒತ್ತಿದರು. ಆ ಯಂತ್ರದ ಮೇಲೆ ಆ ವರ್ಷ ಓಡಿದ ಏಕೈಕ ಜೀವಿ ಆ ನಿಂಬೆಹಣ್ಣು. ಓದುವ ಹವ್ಯಾಸಕ್ಕೆ ಇನ್ನೂ ಸುಲಭದ ದಾರಿ ಇದೆ. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ಮುಟ್ಟುವಂತಿಲ್ಲ. ಒಳ್ಳೆಯ ಅಭ್ಯಾಸಗಳನ್ನು ಬೆಳೆಸಿಕೊಳ್ಳುವುದು ಹೇಗೆಂದು ಬೋಧಿಸುವ ದಪ್ಪ ಪುಸ್ತಕ ಕೊಂಡು ದೇವಿಯ ಪಾದದಡಿ ಇಟ್ಟವರು, ಧರ್ಮಭೀರುಗಳಾದ್ದರಿಂದ, ಇವತ್ತಿಗೂ ಮುಟ್ಟಿಲ್ಲ.

ಅಷ್ಟಾಂಗಹೃದಯದ ವಾಗ್ಭಟ ಶರತ್ಕಾಲದ ವಿಷಯದಲ್ಲಿ ಬಹಳ ಖಡಾಖಂಡಿತ. ಮಳೆಗಾಲದಲ್ಲಿ ಒಳಗೆ ಕೂಡಿಕೊಂಡ ಪಿತ್ತ, ಮಳೆ ನಿಂತ ಮೇಲಿನ ಬಿಸಿಲಿಗೆ ಕೆರಳುತ್ತದೆ. ಆದ್ದರಿಂದ ಕಹಿ ಮದ್ದು ಬೆರೆಸಿದ ತುಪ್ಪ, ಭೇದಿ, ಸಾಲದಿದ್ದರೆ ರಕ್ತ ತೆಗೆಯುವುದು. ಹೆಸರುಕಾಳು, ನೆಲ್ಲಿ, ಪಡವಲ ತಿನ್ನಬೇಕು. ಹೊಟ್ಟೆ ಬಿರಿಯೆ ಉಣ್ಣಬಾರದು, ಮೊಸರು ಬೇಡ, ಎಣ್ಣೆ ಬೇಡ, ಹಗಲುನಿದ್ದೆ ಬೇಡವೇ ಬೇಡ. ನಮ್ಮ ಹಿರಿಯರು ಈ ಪಟ್ಟಿಯನ್ನು ಓದಿಯೇ ಇರಬೇಕು. ಇಲ್ಲದಿದ್ದರೆ ಅದರ ಒಂದೊಂದು ಬಾಬಿಗೂ ಇಷ್ಟು ಕರಾರುವಾಕ್ಕಾಗಿ ವಿರುದ್ಧವಾದ ನವರಾತ್ರಿಯೊಂದನ್ನು ರೂಪಿಸುವುದು ಸಾಧ್ಯವಿರಲಿಲ್ಲ. ಪುಳಿಯೋಗರೆ, ಆಂಬೊಡೆ, ಒಬ್ಬಟ್ಟು, ಮೊಸರನ್ನ, ಆಮೇಲೆ ಚಾಪೆ. ವೈದ್ಯರಿಗೆ ಶರತ್ಕಾಲವೇ ತಾಯಿ, ವಸಂತವೇ ತಂದೆ ಎಂಬ ಹಳೆಯ ಸಂಸ್ಕೃತದ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆ ತಾಯಿಗೆ ವರ್ಷಾವರ್ಷ ತಪ್ಪದೆ ಬಾಗಿನ ಕೊಡುವವರು ನಾವು.

ಇದೇ ಮಹಾನವಮಿಯನ್ನು 1520ರ ಸುಮಾರಿಗೆ ವಿಜಯನಗರದಲ್ಲಿ ಕಣ್ಣಾರೆ ಕಂಡವನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್. ಕೃಷ್ಣದೇವರಾಯನ ದಿನಚರಿಯನ್ನೂ ಅವನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುವುದು, ಅದನ್ನೇ ಮೈಗೆ ಬಳಿದುಕೊಳ್ಳುವುದು, ಮಣ್ಣಿನ ದೊಡ್ಡ ಭಾರಗಳನ್ನು ಎತ್ತುವುದು, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿವರಸೆ, ಆಮೇಲೆ ಜಟ್ಟಿಯೊಡನೆ ಕುಸ್ತಿ, ಆಮೇಲೆ ಬೆಳಗಾಗುವವರೆಗೆ ಕುದುರೆ ಸವಾರಿ. ದಿನವೂ ಇಷ್ಟು. ನಮ್ಮ ಮೂರನೇ ಮಹಡಿಯ ರಾಯರಿಗೆ ಇದನ್ನು ಹೇಳಿದೆ. ಅವರು ಹಿಡಿದುಕೊಂಡದ್ದು ಎಳ್ಳೆಣ್ಣೆಯನ್ನು ಮಾತ್ರ, ಅದೂ ಗಾಣದ ಎಣ್ಣೆಯಾಗಬೇಕು. ಗಮನಿಸಬೇಕಾದದ್ದು ಇನ್ನೊಂದಿದೆ. ಆ ರಾಯರ ವ್ಯಾಯಾಮವನ್ನು ಲೋಕಕ್ಕೆ ಸಾರಿದವನು ಸಮುದ್ರ ದಾಟಿ ಬಂದ ಪರದೇಶಿ. ಈ ರಾಯರು ಅಷ್ಟು ದೂರದವರಿಗೆ ತೊಂದರೆ ಕೊಡುವುದಿಲ್ಲ. ಬೂಟಿನ ದಾರ ಕಟ್ಟುವ ಮೊದಲೇ ಸ್ಟೇಟಸ್ ಹಾಕಿರುತ್ತಾರೆ.

ಈ ಋತುವಿನಲ್ಲಿ ಕರ್ನಾಟಕದಲ್ಲಿ ಯಾರಾದರೂ ನಿಜವಾಗಿ ಒಳ್ಳೆಯ ಅಭ್ಯಾಸ ರೂಢಿಸಿಕೊಳ್ಳುತ್ತಿದ್ದರೆ ಅವರು ಆನೆಗಳು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು, ದಸರೆಗೆ ವಾರಗಟ್ಟಲೆ ಮುಂಚೆಯೇ ಮೈಸೂರು ತಲುಪಿ, ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿ.ಮೀ. ನಡೆಯುವ ತಾಲೀಮು ಶುರುಮಾಡುತ್ತವೆ. ಮೊದಲು ಬರಿಮೈ ನಡಿಗೆ, ಆಮೇಲೆ ಮರಳಿನ ಮೂಟೆ, ದಿನ ಕಳೆದಂತೆ ಇನ್ನಷ್ಟು ಮೂಟೆ, ಆಮೇಲೆ ಮರದ ಅಂಬಾರಿ, ನಡುವೆ ಕುಶಾಲತೋಪಿನ ಸದ್ದಿಗೆ ಕಿವಿ ಪಳಗಿಸುವುದು. 750 ಕಿಲೋ ಚಿನ್ನದ ಅಂಬಾರಿ ಬೆನ್ನೇರುವುದು ಕಟ್ಟಕಡೆಗೆ, ವಿಜಯದಶಮಿಯಂದು. ಅಂದರೆ ಆನೆ ತಾಲೀಮು ಮುಗಿಸುವ ದಿನ ನಮ್ಮವರು ತಾಲೀಮು ಆರಂಭಿಸುತ್ತಾರೆ, ಅದೂ ಮೊದಲ ದಿನವೇ ಅಂಬಾರಿ ಹೊರುವ ಹುಮ್ಮಸ್ಸಿನಲ್ಲಿ. ಬೆಳಗಿನ ನಾಲ್ಕೂವರೆಗೆ ಏಳುವುದು, ಧ್ಯಾನ, ಡೈರಿ, ಹತ್ತು ಸಾವಿರ ಹೆಜ್ಜೆ, ಸಕ್ಕರೆ ಬಂದ್, ಕಾಫಿ ಬಂದ್, ಎಲ್ಲವೂ ಒಟ್ಟಿಗೆ. ಮಾವುತನಿಗೆ ಇರುವ ವಿವೇಕ ಮನೆಯ ಯಜಮಾನನಿಗೆ ಇರಬೇಕೆಂದು ಕಾನೂನೇನಿಲ್ಲ. (ದಸರೆಯಲ್ಲಿ ಆನೆಗಳ ತೂಕವೂ ಏರುತ್ತದೆ. ಆದರೆ ಅದು ಪೇಪರಿನಲ್ಲಿ ಕಿಲೋ ಸಮೇತ ಅಚ್ಚಾದರೂ ಅವು ಬೇಸರಪಟ್ಟುಕೊಳ್ಳುವುದಿಲ್ಲ.)

ಹತ್ತು ಸಾವಿರ ಹೆಜ್ಜೆಯ ಲೆಕ್ಕ ಯಾವ ವೈದ್ಯನದೂ ಅಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ಇಟ್ಟ ಹೆಸರಿನಿಂದ ಬಂದದ್ದು. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ವೇದವಾಕ್ಯದ ಮೂಲವೂ ಅಷ್ಟೇ ಪವಿತ್ರ. ತನ್ನ ರೋಗಿಗಳಿಗೆ ಹೊಸ ಮುಖ ಒಗ್ಗಲು ಇಪ್ಪತ್ತೊಂದು ದಿನವಾದರೂ ಬೇಕಾಗುತ್ತದೆ ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ. ಜಗತ್ತು ಮುಖವನ್ನು ಬಿಟ್ಟು ಇಪ್ಪತ್ತೊಂದನ್ನು ಇಟ್ಟುಕೊಂಡಿತು. ನಮ್ಮಲ್ಲಿ ಅದರ ಗತಿ ನೋಡಿ: ದಶಮಿಯನ್ನು ಮೊದಲ ದಿನವೆಂದು ಎಣಿಸಿದರೆ ಎರಡನೆಯದು ಏಕಾದಶಿ, ಇಪ್ಪತ್ತನೆಯದು ನರಕ ಚತುರ್ದಶಿ. ಎಣ್ಣೆಸ್ನಾನ ಮಾಡಿ, ಕಜ್ಜಾಯ ತಿಂದು ಯಾರು ಓಡುತ್ತಾರೆ? ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹಿಂಬಾಲಿಸಿ ನೋಡಿದಾಗ ಅಭ್ಯಾಸ ಕೂರುವುದಕ್ಕೆ ಹಿಡಿದ ಕಾಲ 18ರಿಂದ 254 ದಿನ, ನಡುವಿನ ಲೆಕ್ಕ 66. ಅರವತ್ತಾರು ಎಂದರೆ ಧನುರ್ಮಾಸದ ಹುಗ್ಗಿಯ ಆಸುಪಾಸು. ಇನ್ನೂರ ಐವತ್ನಾಲ್ಕು ಎಂದರೆ ಮುಂದಿನ ಮುಂಗಾರು, ಬೂಟು ನೆನೆಯುವ ಕಾಲ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಎಂದೂ ಅವರು ಕಂಡುಕೊಂಡರು. ಅಧ್ಯಯನದ ಆ ಒಂದು ಭಾಗವನ್ನು ನಮ್ಮ ರಾಯರು ಓದದೆಯೇ ಪೂರ್ಣವಾಗಿ ಜಾರಿಗೆ ತಂದಿದ್ದಾರೆ.

ಈ ಉತ್ಸಾಹದ ನಿಜವಾದ ಫಲಾನುಭವಿ ದಸರಾ ಧಮಾಕಾ ಬೋರ್ಡು ಹಾಕಿದ ಜಿಮ್‌ನವನು. ಹನ್ನೆರಡು ತಿಂಗಳ ಹಣ ಮುಂಗಡ ಕಟ್ಟಿದರೆ ಮೂರು ತಿಂಗಳು ಉಚಿತ. ಬಾರದವನಿಗೆ ಉಚಿತವಾಗಿ ಇನ್ನೂ ಮೂರು ತಿಂಗಳು ಬಾರದಿರುವ ಹಕ್ಕು. 2006ರಲ್ಲಿ ಡೆಲ್ಲಾವಿಗ್ನಾ ಮತ್ತು ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಜಿಮ್‌ಗಳ ಲೆಕ್ಕಪುಸ್ತಕ ಬಿಡಿಸಿದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟಿದವರು ಸರಾಸರಿ 4.3 ಸಲ ಬಂದಿದ್ದರು. ಅಂದರೆ ಒಂದು ಭೇಟಿಗೆ 17 ಡಾಲರಿಗೂ ಮೇಲೆ, ಹತ್ತು ಭೇಟಿಯ ಪಾಸಿನಲ್ಲಾದರೆ 10 ಡಾಲರಿಗೆ ಮುಗಿಯುತ್ತಿತ್ತು. ಎಲ್ಲ ಸದಸ್ಯರೂ ಸಂಕಲ್ಪದಂತೆ ಒಂದೇ ಬೆಳಿಗ್ಗೆ ಬಂದುಬಿಟ್ಟರೆ ಯಾವ ಜಿಮ್‌ನಲ್ಲೂ ನಿಲ್ಲಲು ಜಾಗವಿರುವುದಿಲ್ಲ. ಆ ಉದ್ಯಮ ನಿಂತಿರುವುದೇ ಬಾರದವರ ಬೆವರಿನ ಮೇಲೆ.

ಕವಿಗಳ ಶರತ್ಕಾಲದಲ್ಲಿ ಆಕಾಶ ತಿಳಿಯಾಗಿರುತ್ತದೆ. ಬೆಂಗಳೂರಿನ ಅಕ್ಟೋಬರಿನಲ್ಲಿ ಅಂಡರ್‌ಪಾಸು ತುಂಬುವಷ್ಟು ಮಳೆ. ಹೀಗಾಗಿ ನೆಪಕ್ಕೂ ಬರವಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ‘ದಸರಾ ಫಿಟ್‌ನೆಸ್ ಚಾಲೆಂಜ್’ ವಾಟ್ಸಾಪ್ ಗುಂಪಿಗೆ ಹುಣ್ಣಿಮೆ ಕಳೆಯುವುದರೊಳಗೆ ‘ದೀಪಾವಳಿ ಸ್ವೀಟ್ಸ್ ಆರ್ಡರ್’ ಎಂದು ಮರುನಾಮಕರಣವಾಯಿತು. ಸದಸ್ಯರು ಅವರೇ, ಅಡ್ಮಿನ್ ರಾಯರೇ.

ಮೊನ್ನೆ ಲಿಫ್ಟಿನಲ್ಲಿ ಸಿಕ್ಕ ರಾಯರು ತಾವಾಗಿಯೇ ಹೇಳಿದರು: “ಈಗ ದಕ್ಷಿಣಾಯನ ನೋಡಿ, ಏನು ಹಿಡಿದರೂ ಕೈಗೆ ಹತ್ತೋದಿಲ್ಲ. ಸಂಕ್ರಾಂತಿ ಆಗಲಿ, ಉತ್ತರಾಯಣದಲ್ಲಿ ಗಟ್ಟಿಯಾಗಿ ಶುರುಮಾಡೋದೇ. ಭೀಷ್ಮಾಚಾರ್ಯರಂಥವರೇ ಉತ್ತರಾಯಣಕ್ಕೆ ಕಾದಿರಲಿಲ್ಲವೇನ್ರೀ?”

ಭೀಷ್ಮರು ಕಾದದ್ದು ಯಾವ ಕೆಲಸಕ್ಕೆ ಎಂದು ಕೇಳುವಷ್ಟರಲ್ಲಿ ಲಿಫ್ಟು ನಿಂತಿತು. ಅವರು ಇಳಿದುಹೋದರು, ಮೊದಲನೇ ಮಹಡಿಯಲ್ಲಿ, ಚಕ್ಕುಲಿ ಆರ್ಡರ್ ಬರೆದುಕೊಳ್ಳಲು.