ಅಗ್ಗದ ಸರೌಂಡ್ ಸೌಂಡು: ಒಂದು ಶಾಸ್ತ್ರೀಯ ಮೀಮಾಂಸೆ

ಯಾವ ಶಾಸ್ತ್ರವಾದರೂ ಮೊದಲು ಅಧಿಕಾರಿ ಯಾರೆಂದು ನಿರ್ಣಯಿಸುವುದು ಸಂಪ್ರದಾಯ. ಹತ್ತಡಿ ಹನ್ನೆರಡಡಿಯ ಹಾಲು, ಗೋಡೆಗೆ ಮೊಳೆ ಹೊಡೆಯಬಿಡದ ಓನರು, ಜೇಬಿನಲ್ಲಿ ಎಂಟು ಸಾವಿರ, ಮನಸ್ಸಿನಲ್ಲಿ ಊರ್ವಶಿ ಥಿಯೇಟರು. ಈ ನಾಲ್ಕೂ ಕೂಡಿದವನೇ ಇಲ್ಲಿ ಅಧಿಕಾರಿ. ಎಂಬತ್ತು ಸಾವಿರ ಉಳ್ಳವರಿಗೆ ಬೇರೆ ಶಾಸ್ತ್ರವಿದೆ.

ಐದು ಸ್ಪೀಕರಿಗೆ ಒಂದು ವೂಫರು ಕೂಡಿದರೆ ಆರು. ಡಬ್ಬದ ಮೇಲೆ ಮಾತ್ರ 5.1. ಸಮಾಧಾನವಿಷ್ಟು: ಮಿಕ್ಕ ಚಾನೆಲ್‌ಗಳು 20,000 ಹರ್ಟ್ಸಿನವರೆಗೂ ಏರುತ್ತವೆ, ವೂಫರಿನದು 120 ಹರ್ಟ್ಸಿನ ಕೆಳಗಿನ ಗುಡುಗನ್ನಷ್ಟೇ ಹೊರುತ್ತದೆ. ಆದ್ದರಿಂದ ಅದಕ್ಕೆ ಪೂರ್ಣಾಂಕದ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲ. ಅಷ್ಟು ಕೆಳಗಿನ ಸದ್ದಿನ ದಿಕ್ಕನ್ನು ಕಿವಿ ಹಿಡಿಯಲಾರದಾಗಿ, ವೂಫರನ್ನು ಯಾವ ಮೂಲೆಗೆ ತಳ್ಳಿದರೂ ದೋಷವಿಲ್ಲ. ಕೆಳಗಿನ ಮನೆಯ ಓನರು ಮಾತ್ರ ದಿಕ್ಕನ್ನು ತಪ್ಪದೆ ಗುರುತಿಸಿ ಮೆಟ್ಟಿಲು ಹತ್ತಿ ಬರುತ್ತಾರೆ. ಅವರನ್ನು ಅಪವಾದವೆಂದು ಭಾವಿಸತಕ್ಕದ್ದು.

ಇನ್ನು ಶಕ್ತಿವಿಚಾರ. ಎಸ್.ಪಿ. ರೋಡಿನಲ್ಲಿ ಸಿಗುವ ಡಬ್ಬದ ಮೇಲೆ ಪಿಎಂಪಿಒ 12,000 ವ್ಯಾಟ್ ಎಂದಿದೆ ಎನ್ನೋಣ. ಪೂರ್ವಪಕ್ಷಿ ಕೇಳುತ್ತಾನೆ: ಹಾಲಿನ ಪ್ಲಗ್ಗು 230 ವೋಲ್ಟು, 6 ಆಂಪಿಯರು. ಗುಣಿಸಿದರೆ 1,380 ವ್ಯಾಟ್. ಬಚ್ಚಲಿನ ಗೀಸರೇ 2,000 ವ್ಯಾಟಿಗೆ ದಣಿಯುವಾಗ ಈ ಹನ್ನೆರಡು ಸಾವಿರ ಎಲ್ಲಿಂದ ಬಂತು? ಸಿದ್ಧಾಂತ: ಪಿಎಂಪಿಒ ಎಂಬುದು ಸರ್ವಸಮ್ಮತವಾದ ಯಾವ ಅಳತೆಗೂ ಸಿಕ್ಕದ ನಿರ್ಗುಣ ತತ್ತ್ವ. ಅದು ರಟ್ಟಿನ ಮೇಲೆ ಮಾತ್ರ ಪ್ರಕಟವಾಗುತ್ತದೆ. ಡಬ್ಬ ತಿರುಗಿಸಿದರೆ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ, ಆರ್‌ಎಂಎಸ್ 60 ವ್ಯಾಟ್ ಎಂಬ ಸಗುಣ ರೂಪವಿರುತ್ತದೆ. ಭಕ್ತರು ಡಬ್ಬ ತಿರುಗಿಸುವುದಿಲ್ಲ.

ಫೋನಿನ ಬ್ಲೂಟೂತಿನಿಂದ ಬರುವುದು ಎಡ, ಬಲ ಎಂಬ ಎರಡೇ ಚಾನೆಲ್. ಎರಡು ಐದಾಗುವುದೆಂತು? ಡಿಕೋಡರಿಲ್ಲದ ಪೆಟ್ಟಿಗೆ ಮುಂದಿನದನ್ನೇ ಹಿಂದೆಯೂ ನುಡಿಸಿಬಿಡುತ್ತದೆ. ನಾಯಕ ಎದುರಿಗೆ ಹೇಳಿದ ಡೈಲಾಗನ್ನು ಬೆನ್ನ ಹಿಂದಿನಿಂದಲೂ ಹೇಳುತ್ತಾನೆ. ಅದ್ವೈತಿಗಳಿಗೆ ಇದರಲ್ಲಿ ಆಕ್ಷೇಪವಿಲ್ಲ. ದ್ವೈತ ಬೇಕೆನ್ನುವವರು ಸಿನಿಮಾ 5.1ರಲ್ಲಿದೆಯೇ, ಟೀವಿಯ ಎಚ್‌ಡಿಎಂಐ ಎಆರ್‌ಸಿಯಿಂದಲೋ ಆಪ್ಟಿಕಲ್‌ನಿಂದಲೋ ಡಾಲ್ಬಿ ಡಿಜಿಟಲ್ ಹೊರಬರುತ್ತದೆಯೇ, ಪೆಟ್ಟಿಗೆಯಲ್ಲಿ ಅದನ್ನು ಬಿಡಿಸುವ ಡಿಕೋಡರ್ ಉಂಟೇ ಎಂದು ನೋಡಬೇಕು. ಅಂಗಡಿಯಲ್ಲಿ ವಿಚಾರಿಸಿದರೆ "ಎಲ್ಲಾ ಬರುತ್ತೆ ಸಾರ್" ಎಂಬ ಆಪ್ತವಾಕ್ಯ ದೊರೆಯುತ್ತದೆ.

ಹಿಂದಿನ ಜೋಡಿ ಸ್ಪೀಕರು ಕೂತವರ ಮೂಗಿನ ನೇರದಿಂದ ಸುಮಾರು 110 ಡಿಗ್ರಿಗಿರಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಸೋಫಾ ಗೋಡೆಗಂಟಿದ ಮನೆಯಲ್ಲಿ ಆ ಕೋನ ಪಕ್ಕದ ಮನೆಯವರ ಬೆಡ್‌ರೂಮಿಗೆ ಬೀಳುತ್ತದೆ. ಹಾಗಾಗಿ ಎರಡು ಪಂಥಗಳು ಹುಟ್ಟಿವೆ. ಐದನ್ನೂ ಟೀವಿಯ ಮುಂದೆ ದಸರಾ ಬೊಂಬೆಗಳಂತೆ ಸಾಲಾಗಿ ಕೂರಿಸುವವರದು ಒಂದು. ಒಂದನ್ನು ದೇವರ ಗೂಡಿನ ಪಕ್ಕಕ್ಕೂ ಇನ್ನೊಂದನ್ನು ಫ್ರಿಜ್ಜಿನ ತಲೆಗೂ ಏರಿಸುವವರದು ಮತ್ತೊಂದು. ನನ್ನ ಮತ ಫ್ರಿಜ್ಜಿನವರಿಗೆ: ವಿಲನ್ನು ನಕ್ಕಾಗ ಆ ಮನೆಯವರು ಒಮ್ಮೆಯಾದರೂ ಹಿಂದಿರುಗಿ ನೋಡುತ್ತಾರೆ.